ಪ್ಲಾಸ್ಟಿಕ್ ಎಂಟು

ಇರ್ಪುವಿನ ಚೌಕಿಯಲ್ಲಿ ಗಾರ್ಡು
ನನ್ನ ಚೀಲವನ್ನು ಬೆಂಚಿಗೆ ಸುರುವಿದ:
ನೀರಿನ ಬಾಟಲಿ ಎರಡು, ಬಿಸ್ಕತ್ತಿನ ಪೊಟ್ಟಣ ಮೂರು,
ಮಂಡಿನೋವಿನ ಮುಲಾಮು, ಮಾತ್ರೆಯ ಪಟ್ಟಿ,
ಉಪ್ಪು ಕಟ್ಟಿಕೊಂಡ ಕವರು.
"ಪ್ಲಾಸ್ಟಿಕ್ ಎಂಟು. ಎಂಟೂ ಹಿಂದೆ ಬರಬೇಕು, ಮೇಡಂ."
ಬರುತ್ತದೆ ಎಂದೆ.
ಶ್ರೀಮಂಗಲದ ಅಂಚೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕಾಗದ ಎಣಿಸಿದವಳು.
ಕಿಟಕಿಯಲ್ಲಿ ಅಷ್ಟು ವರ್ಷವೂ ಈ ಬೆಟ್ಟವಿತ್ತು,
ವಿಳಾಸ ಬರೆಯದೆ ಬಿಟ್ಟ ಲಕೋಟೆಯ ಹಾಗೆ.

ಮುಂದೆ ಚುಬ್ರ, ಹಿಂದೆ ನಾನು.
ಅವನ ಕತ್ತಿ ಓಟೆಯನ್ನು ಕಡಿಯುವುದಿಲ್ಲ,
ಒಣಹಾಕಿದ ಸೀರೆ ಸರಿಸಿ ಒಳಗೆ ಹೋಗುವ ಹಾಗೆ
ಬದಿಗೊತ್ತುತ್ತದೆ ಅಷ್ಟೆ.
ಮರಗಳ ಕೆಳಗೆ ಹನ್ನೊಂದು ಗಂಟೆಗೇ ಸಂಜೆ.
ಮಳೆ ನಿಂತು ಎರಡು ದಿನವಾದರೂ
ಎಲೆಯಿಂದ ಎಲೆಗೆ ಇನ್ನೂ ಇಳಿಯುತ್ತಲೇ ಇದೆ.
ಆನೆಲದ್ದಿಯಲ್ಲಿ ಬೈನೆಯ ನಾರು.
ಚುಬ್ರ ಬೆರಳಿಟ್ಟು ನೋಡಿ, "ತಣ್ಣಗಿದೆ," ಅಂದ.
ಆಮೇಲೂ ಅರ್ಧ ಮೈಲಿ ನಾವಿಬ್ಬರೂ ಮಾತಾಡಲಿಲ್ಲ.

ಬಿದ್ದ ಎಲೆಯ ತುದಿಯಲ್ಲಿ ಎದ್ದು ನಿಂತು
ಅಟ್ಟೆಗಳು ಗಾಳಿಯಲ್ಲಿ ನನ್ನನ್ನು ಹುಡುಕುತ್ತವೆ.
ಉಪ್ಪು ಬಿಚ್ಚಿದೆ. "ಬೇಡ," ಅಂದ,
"ಕುಡಿದಾದ ಮೇಲೆ ಅದೇ ಬಿಡುತ್ತೆ."

ಹೆಬ್ಬಲಸಿನ ಬುಡದಲ್ಲಿ ತಡೆದ.
ಬೇರಿನ ಸಂದಿಯಲ್ಲಿ ಮೂರು ಕಲ್ಲು, ಮಸಿ ಹಿಡಿದದ್ದು.
"ಅಪ್ಪ ಇಲ್ಲಿ ಗಂಜಿ ಬೇಯಿಸ್ತಿದ್ದ,
ಸಾಹುಕಾರರ ಏಲಕ್ಕಿ ಕೊಯ್ಲಿಗೆ ಬಂದಾಗ.
ನಾನು ಆ ಬೇರಲ್ಲೇ ಮಲಗ್ತಿದ್ದೆ."
ಚೌಕಿಯ ಪುಸ್ತಕದಲ್ಲಿ ಬೆಳಿಗ್ಗೆ ಕಂಡಿದ್ದೆ:
ನನ್ನ ಹೆಸರು ಪೂರ್ತಿ, ಇನಿಷಿಯಲ್ ಸಮೇತ.
ಕೆಳಗೆ ಅವನು: ಗೈಡು, ಒಂದು.

ಕಾಡು ಥಟ್ಟನೆ ಮುಗಿಯಿತು. ಹುಲ್ಲು.
ಇಷ್ಟು ಬೆಳಕನ್ನು ಏನು ಮಾಡುವುದೆಂದು ತಿಳಿಯದೆ ಕೂತೆ.
ಆ ಕಡೆ ವಯನಾಡು. ಈ ಕಡೆ
ಅಂಚೆ ಕಚೇರಿ ಹುಡುಕಿದೆ, ಒಂದು ಹೆಂಚೂ ಕಾಣಲಿಲ್ಲ.
ಒಂದು ಪೊಟ್ಟಣ ಬಿಸ್ಕತ್ತು ಮುಗಿಯಿತು, ಇಬ್ಬರಲ್ಲಿ.

ಇಳಿದಾಗ ಗಾರ್ಡು ಮತ್ತೆ ಸುರುವಿದ. ಏಳು.
ಉಪ್ಪಿನ ಕವರು! ಕೊನೆಯ ತೊರೆಯಲ್ಲಿ
ಕೈ ತೊಳೆದಾಗ ಬಂಡೆಯ ಮೇಲಿಟ್ಟಿದ್ದೆ.
ದಂಡ ಕಟ್ಟುತ್ತೇನೆ ಅನ್ನುವಷ್ಟರಲ್ಲಿ ಚುಬ್ರ ತಿರುಗಿ ಹೊರಟಿದ್ದ.
ಅರ್ಧ ಗಂಟೆ. ಬೆಂಚಿನ ಮೇಲೆ ನನ್ನ ಕವರು ಇಟ್ಟ,
ಪಕ್ಕದಲ್ಲಿ ಕೆಸರು ಮೆತ್ತಿದ ಮತ್ತೊಂದು,
ಯಾವುದೋ ಪೆಪ್ಪರ್‌ಮಿಂಟಿನದು, ಬೆಲೆ ಎಂಟಾಣೆ ಎಂದಿತ್ತು.
ಗಾರ್ಡು ಪೆನ್ನು ಹಿಡಿದು ಕೂತ:
"ಎಂಟು ಹೋಗಿ ಒಂಬತ್ತು ಬಂದರೆ ಎಲ್ಲಿ ಬರೀಲಿ?"
ಅಂಚೆಯಲ್ಲೂ ಅದಕ್ಕೆ ಕಾಲಮ್ಮಿಲ್ಲ.

ರಾತ್ರಿ ಕಾಲುಚೀಲ ಕಳಚಿದರೆ
ದ್ರಾಕ್ಷಿಯಷ್ಟಾಗಿ ಒಂದು ಅಟ್ಟೆ ಸಿಮೆಂಟಿಗುರುಳಿತು.
ಕಾಗದದ ಚೂರಲ್ಲಿ ಎತ್ತಿ
ಕೆಸುವಿನ ಬುಡದಲ್ಲಿ ಬಿಟ್ಟು ಬಂದೆ.
ರಕ್ತ ಬೆಳಗಿನವರೆಗೂ ಒಸರುತ್ತಿತ್ತು, ನಿಧಾನವಾಗಿ.