ದುಭಾಷಿಯ ಅಡಿಟಿಪ್ಪಣಿ

ಮಡಗಾಂವಿನ ಕೋರ್ಟಿನಲ್ಲಿ ಮೂರನೆಯ ಫ್ಯಾನಿನ ಕೆಳಗೆ ನನ್ನ ಕುರ್ಚಿ.
ಒಂದು ಕಾಲಿಗೆ ವಜಾ ಆದ ಅರ್ಜಿಯನ್ನು ಮಡಿಸಿ ಕೊಟ್ಟಿದ್ದೇನೆ,
ಅಲುಗಾಡಬಾರದೆಂದು.
ಕನ್ನಡ ಬಂದರೆ ನನ್ನ ಕೂಗುತ್ತಾರೆ.
ಪೋರ್ಚುಗೀಸ್ ಬಂದರೆ ಪರ್ವರಿಯಿಂದ ಎವಾರಿಸ್ತು ಮೇಷ್ಟ್ರು,
ಎಂಬತ್ತು ದಾಟಿದವರು, ಅಂಗಿಜೇಬಿನಲ್ಲಿ ಭೂತಗನ್ನಡಿ.

ಇವತ್ತು ಇಬ್ಬರೂ ಬೇಕಾದೆವು.

ಸತ್ತವನು ಕುಷ್ಟಾ ವೇಳಿಪ, ಕೇಪೆಯ ಗುಡ್ಡದವನು.
ಬಿಟ್ಟುಹೋದದ್ದು: ಗೇರುಮರ ನಲವತ್ತೊಂದು,
ಫೆನಿ ಇಳಿಸುವ ತಾಮ್ರದ ಭಾಣ, ಹೊಗೆ ಹಿಡಿದದ್ದು,
ಸ್ಕೂಟರ್ ಒಂದು, ಹಿಂದಿನ ಟೈರ್ ಸವೆದದ್ದು,
ಮತ್ತು ಹೇಮ್ಲಿ.
ಹೆಂಡತಿಯನ್ನು ಪಟ್ಟಿಯಲ್ಲಿ ಬರೆಯುವುದಿಲ್ಲ, ನಿಜ;
ಭಾವಂದಿರ ವಕೀಲ ಓದುವಾಗ ಹಾಗೆ ಕೇಳಿಸಿತು.

ಸಹಿ ಬಿದ್ದ ದಿನದಿಂದ
ಇವನ ಅರ್ಧ ಅವಳದು, ಅವಳ ಅರ್ಧ ಇವನದು,
ಚಮಚದ ತನಕ.
ಹೀಗೆಂದು ಬರೆದವರು ಲಿಸ್ಬನ್ನಿನಲ್ಲಿ ಕೂತಿದ್ದರು,
ಗೇರುಹಣ್ಣು ಮೂಸದವರು.
ತಮ್ಮೂರಲ್ಲಿ ಅದನ್ನು ಎಂದೋ ಮಡಿಸಿಟ್ಟರಂತೆ.
ಇಲ್ಲಿ ಇನ್ನೂ ಉಸಿರಾಡುತ್ತಿದೆ;
ಇದು ಪರದೇಶದ್ದಲ್ಲ, ನಮ್ಮದೇ ಎಂದು ದಿಲ್ಲಿಯೂ ಒಪ್ಪಿದೆ.
ಕಾನೂನಿಗಾದರೆ ಊರು ಸಿಕ್ಕಿತು.
ಹೇಮ್ಲಿಗೆ ಇಪ್ಪತ್ತಾರು ವರ್ಷ ಸಾಲಲಿಲ್ಲ.

"ಇವಳು ಘಾಂಟಿ," ವಕೀಲ ಎಂದ,
"ಘಟ್ಟದ ಮೇಲಿಂದ ಇಳಿದವಳು,
ಕಲಂಗುಟ್ಟಿನ ಮರಳಲ್ಲಿ ಮಣಿಸರ ಮಾರುತ್ತಿದ್ದವಳು.
ಈ ಕಾನೂನು ಗೋವೆಯವರಿಗೆ. ಎರಡನೆಯ ಸಹಿ ಎಲ್ಲಿ?"

ಮದುವೆಗೆ ಎರಡು ಸಹಿ ಇಲ್ಲಿ: ಇವತ್ತೊಂದು,
ಹದಿನೈದು ದಿನ ಬಿಟ್ಟು ಇನ್ನೊಂದು.
ಎರಡನೆಯದಕ್ಕೆ ಕರೆದುತರಲು ಮರೆಯುವ ಗಂಡಸರನ್ನು
ಈ ಕುರ್ಚಿಯಿಂದಲೇ ಎಷ್ಟು ನೋಡಿಲ್ಲ.

ದಫ್ತರು ಬಂತು, ಗೆದ್ದಲ ಪುಡಿ ಉದುರಿಸುತ್ತ.
ಮೊದಲು ತೆರೆದದ್ದು ಕುಷ್ಟಾನ ಅಜ್ಜನ ಪುಟ.
ಮೇಷ್ಟ್ರು ಗಾಜು ಹಿಡಿದರು, ತೆಗೆದರು, ಕೆಮ್ಮಿದರು.
"ಕನಾರಿಂ."
ಹಾಗೆಂದರೆ?
"ಕನ್ನಡದವನು ಅಂತ. ಆಗ ಈ ಮಣ್ಣಿನವರನ್ನೆಲ್ಲ
ಹಾಗೇ ಬರೆಯೋರು. ಬೈಗುಳ, ಸ್ವಾಮಿ."
ಭಾವಂದಿರು ನೆಲ ನೋಡಿದರು.
ನಾನು ಫ್ಯಾನು ನೋಡಿದೆ.

ನಾನು ಸದಾಶಿವಗಡದವನು.
ಕಾಳೀ ಸೇತುವೆಯಾಚೆ ಕೊಂಕಣಿಯವ,
ಪೋಳೆಯ ಚೆಕ್‌ಪೋಸ್ಟಿನೀಚೆ ಘಾಂಟಿ.
ಅಲೆ ಬಡಿಯುವಲ್ಲಿ ಹುಟ್ಟಿ
ಘಟ್ಟ ಹತ್ತಿದ್ದು ಒಂದೇ ಸಲ, ಯಲ್ಲಾಪುರದ ಮದುವೆಗೆ;
ಅರಬೈಲಿನ ತಿರುವಿನಲ್ಲಿ ವಾಂತಿ ಮಾಡಿಕೊಂಡಿದ್ದೆ.

ಆಮೇಲೆ ಹೇಮ್ಲಿಯ ಪುಟ.
ಹದಿನೈದನೆಯ ದಿನ. ಹೆಬ್ಬೆಟ್ಟು.
ಗೆರೆಗಳು ಅರ್ಧಕ್ಕೆ ಅಳಿಸಿಹೋದದ್ದು,
ಕನ್ನಡಿಚೂರು ಹೊಲಿದು ಹೊಲಿದು ಸವೆದ ಹೆಬ್ಬೆಟ್ಟು.
ಅದರ ಪಕ್ಕದಲ್ಲೇ ಕುಷ್ಟಾನದು, ಗೇರಿನ ಸೊನೆ ಸುಟ್ಟದ್ದು.
ಒಂದರ ಗೆರೆ ಇನ್ನೊಂದಕ್ಕೆ ತಾಗಿದೆ,
ಶಾಯಿ ಹೆಚ್ಚಾಗಿ.

ನ್ಯಾಯಾಧೀಶರು ಕೇಳಿದರು: ಸಾಕ್ಷಿಯ ಸಮುದಾಯ?
ಲಂಬಾಣಿ, ಲಮಾಣಿ, ಬಂಜಾರ, ಯಾವುದನ್ನು ಬರೆಯೋಣ?
ವಿಜಾಪುರದಲ್ಲೊಂದು ಪಟ್ಟಿ, ಸೊಲ್ಲಾಪುರದಲ್ಲಿನ್ನೊಂದು,
ಇಲ್ಲಿಯ ಕಾಗದದಲ್ಲಿ ಖಾಲಿ ಗೆರೆ.
ಹೇಮ್ಲಿ ಸೆರಗು ಸರಿಮಾಡಿಕೊಂಡಳು:
"ನಾವು ಗೋರ್, ಸಾಹೇಬ್ರ. ನಮ್ಮವ್ರಲ್ದವ್ರು ಕೋರ್.
ಈ ವಕೀಲ್ರು ಕೋರ್, ನೀವೂ ಕೋರ್,
ಕುಷ್ಟಾನೂ ಕೋರ್ ಇದ್ದ.
ಆದ್ರ ಎರಡನೇ ಸಲಾನೂ ಅಂವ ಕೈ ಹಿಡ್ದು ಕರಕೊಂಡು ಬಂದ."

ನಾನು ಅನುವಾದಿಸಿದ್ದು:
ಸಾಕ್ಷಿ ತನ್ನನ್ನು ಗೋರ್ ಎಂದು ಹೇಳಿಕೊಳ್ಳುತ್ತಾಳೆ.
ಉಳಿದದ್ದನ್ನು ನುಂಗಿದೆ.
ನುಂಗಬಾರದಿತ್ತು. ಇಲ್ಲಿ ಬರೆದಿಡುತ್ತಿದ್ದೇನೆ.

ಟೈಪಿಸ್ಟನಿಗೆ ಅದೂ ಸರಿಯಾಗಿ ಕೇಳಲಿಲ್ಲ,
"ಗೋರಾ" ಎಂದು ಹೊಡೆದ.
ತಿದ್ದುಪಡಿ ಮುಂದಿನ ತಾರೀಖಿಗೆ.
ಅಲ್ಲಿಯವರೆಗೆ ಕಡತದೊಳಗೆ, ಕೇಪೆಯ ಗುಡ್ಡದ ಮೇಲೆ,
ಒಬ್ಬ ಬಿಳಿಯ ಹೆಂಗಸು ಭಾಣದ ಪಕ್ಕ ಕೂತಿರುತ್ತಾಳೆ.

ಮೆಟ್ಟಿಲಲ್ಲಿ ಹೇಮ್ಲಿ ಕೇಳಿದಳು, ನಲವತ್ತೊಂದರ ಅರ್ಧ ಎಷ್ಟು?
ಇಪ್ಪತ್ತೂವರೆ ಎಂದೆ.
ಆ ಅರ್ಧ ಮರ ಯಾವುದೆಂದು ಅವಳಿಗೆ ಗೊತ್ತಿತ್ತು:
ಬಾವಿಯ ಹತ್ತಿರ, ಸಿಡಿಲು ಹೊಡೆದದ್ದು,
ಒಂದೇ ಮಗ್ಗುಲಿಗೆ ಹೂ ಬಿಡುವುದು.