ಹನ್ನೊಂದನೇ ನಂಬರ್ ಬಸ್ಸಿನಲ್ಲಿ ವ್ಯಾಕರಣ

ಬೆಳಗಿನ ಐದೂ ಐವತ್ತಕ್ಕೆ ಅಬು ಶಗಾರದ ಮೊದಲ ಸ್ಟಾಪು.
ಹಳದಿ ಜಾಕೆಟ್ಟು ತೊಟ್ಟು ಬಾಗಿಲಲ್ಲಿ ನಿಂತು
ತಲೆ ಎಣಿಸುವುದು ನನ್ನ ಕೆಲಸ.
ಮೂವತ್ತೊಂದು ತಲೆ, ಮೂವತ್ತೊಂದು ಬೆಲ್ಟು.
ಸಂಜೆ ಎಲ್ಲರನ್ನೂ ಇಳಿಸಿದ ಮೇಲೆ ಸೀಟಿನಡಿ ಬಗ್ಗಿ ನೋಡಿ
ಯಾರೂ ನಿದ್ದೆಹೋಗಿ ಉಳಿದಿಲ್ಲವೆಂದು
ಸಹಿ ಹಾಕಬೇಕು.

ಹಿಂದಿನ ಸಾಲು ಒಂಬತ್ತನೇ ಕ್ಲಾಸಿನವರದು.
ಇವತ್ತು ಫ್ರೆಂಚ್ ಮೌಖಿಕ ಪರೀಕ್ಷೆ.
ಝುಲ್ಫಾ ಕಣ್ಣುಮುಚ್ಚಿ ಗುನುಗುತ್ತಾಳೆ
ಝೇ, ತ್ಯು ಆ, ಇಲ್ ಆ...
ಜೆರಿನ್‌ಗೆ ಅವರ ರಕಾರ ಬರುವುದಿಲ್ಲ.
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಾಗ ಮಾಡುವ ಹಾಗೆ ಮಾಡು
ಅಂದರಂತೆ ಪಾಂಡಿಚೇರಿಯ ಅಮಲೋರ್ ಮೇಡಂ.
ಅದು ನನಗೆ ಗೊತ್ತು. ಗಂಗೊಳ್ಳಿಯವಳು ನಾನು,
ಮುಳ್ಳಿನ ಮೇಲೆ ಅನ್ನದುಂಡೆ ನುಂಗಿ ಬೆಳೆದವಳು.
ಮಾಡಿ ತೋರಿಸಿದೆ.
ಹಿಂದಿನ ಸಾಲಿಡೀ ಚಪ್ಪಾಳೆ!
ಗುಲ್ ಝಮೀನ್ ಕನ್ನಡಿಯಲ್ಲಿ ನೋಡಿದ,
ಯಾರಿಗಾದರೂ ವಾಂತಿಯೋ ಅಂತ.

ಝುಲ್ಫಾ ಮನೆಯಲ್ಲಿ ಬ್ಯಾರಿ ಮಾತಾಡುವವಳು,
ನನ್ನೊಂದಿಗೆ ಮಾತ್ರ ಕನ್ನಡ,
ಅದೂ ಯೂನಿಫಾರ್ಮಿನಂತೆ ಇಸ್ತ್ರಿ ಮಾಡಿದ್ದು.
"ವಾರಿಜಕ್ಕ, ಝೇ ಅಂದರೆ ಐ ಹ್ಯಾವ್.
ಕನ್ನಡದಲ್ಲಿ ಅದಕ್ಕೇನು?"

ಯೋಚಿಸಿದೆ. ಅಲ್ ವಹ್ದಾ ರಸ್ತೆಯ ಮೂರು ಸಿಗ್ನಲ್ ಯೋಚಿಸಿದೆ.
ನನಗೆ ಒಬ್ಬಳು ಮಗಳು.
ನನ್ನ ಹತ್ತಿರ ಕೊಡೆ ಇದೆ.
ನನ್ನಲ್ಲಿ ಸಿಟ್ಟಿಲ್ಲ.
ಹುಡುಕಿದರೂ ಆ ಪದ ಇಲ್ಲ ಮಾರಾಯ್ತಿ!
ಹೊಂದಿದ್ದೇನೆ ಎಂಬುದೊಂದು ಉಂಟು,
ಅದು ಅರ್ಜಿಯಲ್ಲಿ ಮಾತ್ರ, ಬಾಯಲ್ಲಿ ಅಲ್ಲ.
ನಮ್ಮಲ್ಲಿ ವಸ್ತುಗಳು ತಾವೇ ಬಂದು ಹತ್ತಿರ ಇರುತ್ತವೆ,
ಬೆಕ್ಕಿನ ಹಾಗೆ,
ಇರುವಷ್ಟು ದಿನ.

"ಅರಬಿಯಲ್ಲೂ ಹಾಗೇ," ಅಂದಳು, ಥಟ್ಟನೆ ನೆಟ್ಟಗೆ ಕೂತು.
"ಇಂದೀ ಕಿತಾಬ್. ನನ್ನ ಹತ್ತಿರ ಪುಸ್ತಕ. 'ಇದೆ' ಕೂಡ ಬೇಡ.
ಎಲ್ಲರಿಗೂ ಕಷ್ಟವಾಯ್ತು, ನನಗೆ ಯಾಕೋ ಆಗಲೇ ಇಲ್ಲ."

ಫ್ರೆಂಚಿನವರು ವಯಸ್ಸನ್ನೂ ಇಟ್ಟುಕೊಂಡಿರುತ್ತಾರಂತೆ,
ಹದಿನಾಲ್ಕು ವರ್ಷ, ಹಸಿವು, ಭಯ, ಎಲ್ಲ ಅವರ ಸ್ವಂತದ್ದು.
ನಮಗೆ ವಯಸ್ಸು ಆಗುತ್ತದೆ.
ಭಯವೂ ಆಗುತ್ತದೆ.
ನಾವು ಸುಮ್ಮನೆ ಸ್ಟಾಪಿನಲ್ಲಿ ನಿಂತವರು.

ಶಾಲೆಯ ಗೇಟು. ಮೂವತ್ತೊಂದೂ ಇಳಿದವು.
ಗುಲ್ ಝಮೀನ್ ಕರಕ್ ಚಹಾಕ್ಕೆ ಹೋದ.
ಖಾಲಿ ಬಸ್ಸಿನಲ್ಲಿ, ಎಸಿ ಸದ್ದಿನೊಳಗೆ, ಮೆಲ್ಲಗೆ ಹೇಳಿ ನೋಡಿದೆ:
ಝೇ ಕೊಡೆ. ಝೇ ಹಳದಿ ಜಾಕೆಟ್ಟು.
ಪಾಸ್‌ಪೋರ್ಟಿಗೆ ಬಂದಾಗ ನಾಲಿಗೆ ತಡೆಯಿತು,
ಅದು ಆಫೀಸಿನ ಕಪಾಟಿನ ಹತ್ತಿರ.
ಮಗಳು ಕುಂದಾಪುರದಲ್ಲಿ, ನನ್ನ ಅಕ್ಕನ ಹತ್ತಿರ.
ಅವಳದೂ ಒಂಬತ್ತನೇ ಕ್ಲಾಸೇ.
ಮೂರನೇ ಭಾಷೆ ಯಾವುದು ತಗೊಂಡೆ ಅಂತ
ಕೇಳಿಯೇ ಇಲ್ಲ ನಾನು.
ಫೀಸು ಎಷ್ಟು ಅಂತ ಕೇಳಿದ್ದೆ.

ಸಂಜೆ ಝುಲ್ಫಾ ಇಳಿಯುವಾಗ ಬೆರಳು ತೋರಿಸಿದಳು,
ಹತ್ತಕ್ಕೆ ಏಳು.
ಜೆರಿನ್‌ಗೆ ಎಂಟೂವರೆ, ರಕಾರಕ್ಕೇ ಒಂದು ಮಾರ್ಕು ಅಂತೆ.
ಮಾತಾಡದೆ ಹೋದಳು.

ಎಲ್ಲರೂ ಹೋದ ಮೇಲೆ ಬಗ್ಗಿದೆ. ಕೊನೆಯ ಸೀಟಿನಡಿ
ನೀಲಿ ಶಾಯಿಯಲ್ಲಿ ಬರೆದ ಚಿಕ್ಕ ಕಾರ್ಡು,
ಒಂದು ಬದಿ ಫ್ರೆಂಚು, ಇನ್ನೊಂದು ಬದಿ
ತಪ್ಪು ಒತ್ತಕ್ಷರದ ಕನ್ನಡ: ನನ್ನ ಹತಿರ.
ಯಾರೂ ಉಳಿದಿಲ್ಲ ಅಂತ ಸಹಿ ಹಾಕಿದೆ.
ಕಾರ್ಡು ಜಾಕೆಟ್ಟಿನ ಜೇಬಿನಲ್ಲಿದೆ.
ನಾಳೆ ಐದೂ ಐವತ್ತರವರೆಗೆ.