ದಾಪೋಡಿಯ ಡಿ.ಪಿ.

ನಮ್ಮೂರಲ್ಲಿ ಟಿ.ಸಿ., ಪುಣೆಯಲ್ಲಿ ಡಿ.ಪಿ.
ಏನೆಂದು ಕರೆದರೂ ಅದೇ ಗುಂಯ್‌ಗಾನ.
ದಾಪೋಡಿ ಗೇಟಿನ ಮಗ್ಗುಲಿಗೆ, ಜಾಲರಿಯೊಳಗೆ,
ಬೂದು ಹೊಟ್ಟೆ, ಬುಡಕ್ಕೆ ಎಣ್ಣೆಯ ಜಿಡ್ಡು,
ತಲೆಬುರುಡೆಯ ಹಲಗೆಗೆ ಯಾರೋ ಹಚ್ಚಿದ ಕುಂಕುಮ.

ಅಪ್ಪ ಅಲ್ಲೇ ಬುತ್ತಿ ಬಿಚ್ಚುತ್ತಿದ್ದ.
ಹೆಸರು ಯಮನಪ್ಪ;
ಅದಕ್ಕೇ ಯಮ ಹತ್ತಿರ ಬರೋದಿಲ್ಲ ಎಂದು
ಜೊತೆಯ ಲೈನ್‌ಮನ್‌ಗಳ ಹಳೇ ನಗೆ.

"ಮ್ಯಾಲಿಂದ ಹನ್ನೊಂದು ಸಾವಿರ ಬರ್ತೈತಿ.
ಒಳಗ ಎರಡು ತಾಮ್ರದ ಸುರುಳಿ,
ಒಂದನ್ನೊಂದು ಮುಟ್ಟೂದಿಲ್ಲ.
ಇದರಾಗ ಹರಿದದ್ದು ಅದಕ್ಕ ತಿಳೀತೈತಿ."
ಮುಟ್ಟದೇ ಹೆಂಗ ಕೊಡ್ತೈತಿ, ಅಂದೆ.
ಅಪ್ಪ ರೊಟ್ಟಿ ಮುರಿದ.
"ಇಂಡಿ ಸ್ಟ್ಯಾಂಡಿನ ಚಾದಂಗಡಿಯವ
ನನ್ನ ಬೊಗಸೀಗೆ ಮ್ಯಾಲಿಂದ ನೀರು ಹೊಯ್ತಿದ್ದ.
ಮುಟ್ಟದಂಗ ಕೊಡೂದು ನಮಗೇನ್ ಹೊಸಾದು?
ಇದು ಯಾರ ಪೈಕಿ ಅಂತ ಕೇಳೂದಿಲ್ಲ. ಅಷ್ಟ."

ಹೊರಬರುವುದು ನಾಲ್ಕು ತಂತಿ:
ಕೆಂಪು, ಹಳದಿ, ನೀಲಿ, ಮತ್ತೊಂದು ಕಪ್ಪು.
ಬಣ್ಣಬಣ್ಣದ ನಡುವೆ ನಾನೂರ ಹದಿನೈದು,
ಅದು ವಾಘ್ಮೋಡೆಯ ಹಿಟ್ಟಿನ ಗಿರಣಿಗೆ, ಬೇಕರಿಗೆ, ಲಿಫ್ಟಿಗೆ.
ಬರೀ ಒಂದು ಬಣ್ಣ ಕಪ್ಪಿನ ಕೈ ಹಿಡಿದರೆ
ಇನ್ನೂರ ಮೂವತ್ತು:
ನಮ್ಮ ಟ್ಯೂಬ್‌ಲೈಟು, ಅಕ್ಕನ ಇಸ್ತ್ರಿ,
ಶೇವಂತಾ ಕಾಕೂಳ ಒಂಟಿ ಬಲ್ಬು.
ಕಪ್ಪು ಏನು ಹೊರತೈತಿ?
"ಮೂವರೂ ಸಮ ಇದ್ರ, ಏನೂ ಇಲ್ಲ."

ಜೂನ್ ಮೊದಲ ಗಾಳಿಗೆ ಹರಿದದ್ದು ಅದೇ.
ಫ್ರಿಜ್ಜು, ಇಸ್ತ್ರಿ, ಗೀಜರಿನ ಸಾಲು
ಎಣ್ಣೆ ತೀರಿದ ಹಣತೆಯಂತೆ ಮಂಕಾಯಿತು.
ಏನೂ ಇಲ್ಲದ ಮನೆಗಳಿಗೆ
ಬಾರದ ಬೆಳಕೆಲ್ಲ ನುಗ್ಗಿತು, ಮದುವೆಮನೆಯಂತೆ,
ಆಮೇಲೆ ಟಪ್, ಟಪ್, ಟಪ್.
ಗಿರಣಿಗೆ ಮಾತ್ರ ಗೊತ್ತೇ ಆಗಲಿಲ್ಲ,
ಜೋಳ ಬೀಸುತ್ತಲೇ ಇತ್ತು.

ಅಪ್ಪ ಫ್ಯೂಜು ಕಿತ್ತು ಊರಿಗೆ ಊರೇ ಕತ್ತಲು ಮಾಡಿದ
(ಆಗ ಕೂಗಾಡಿದ ವಾಘ್ಮೋಡೆ),
ಹಲ್ಲಿನಲ್ಲಿ ಟಾರ್ಚು ಕಚ್ಚಿ ಮಳೆಯಲ್ಲಿ ಹತ್ತಿದ.
ಕೆಳಗೆ ನಾನು ಏಣಿ ಹಿಡಿದು ನಿಂತೆ,
ಎಣಿಸಲು ಏನೂ ಇಲ್ಲದೆ ಗೇಟಿನ ರೈಲುಡಬ್ಬಿ ಎಣಿಸುತ್ತ.

ಬೆಳಿಗ್ಗೆ ಶೇವಂತಾ ಕಾಕೂ ಬಂದಳು,
ಸುಟ್ಟ ಬಲ್ಬು ಸೆರಗಿನಲ್ಲಿ.
ಕಿವಿಯ ಬಳಿ ಅಲುಗಿಸಿದಳು:
ಕಡಿದ ಎಳೆ, ಒಂದೇ ಮಣಿಯ ಗೆಜ್ಜೆ.
ಜಗಳಕ್ಕೇ ಬಂದಳೆಂದು ಅಪ್ಪ ಜೇಬು ತಡವಿದ.
ಅವಳು ಮರಾಠಿಯಲ್ಲಿ ಮೆಲ್ಲಗೆ,
"ಏನು ಬೆಳಕು ಯಮ್ನಾಜಿ, ಒಂದು ಗಳಿಗೆ!
ನಲವತ್ತು ವರ್ಷದ ಮನೆ.
ಅಟ್ಟದ ಮೇಲೆ ಅವರು ಸುಣ್ಣದಲ್ಲಿ ಬರೆದಿಟ್ಟ
ಹಾಲಿನ ಲೆಕ್ಕ ಇನ್ನೂ ಇದೆ."